ಎರಡನೆಯ ವರ್ಷದ ಖಾಲಿ ಸೀಟು ಯಾರ ಸ್ವತ್ತು?

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲನೆಯ ವರ್ಷದ ಫಲಿತಾಂಶ ಹೊರಬಿದ್ದು ಮೂರನೆಯ ಸೆಮಿಸ್ಟರಿನ ಪಾಠ ಆರಂಭವಾಗುವ ಹೊತ್ತಿಗೆ ಕಚೇರಿಯ ಗೋಡೆಗೆ ಒಂದು ಸಣ್ಣ ಪ್ರಕಟಣೆ ಅಂಟುತ್ತದೆ. ಶಾಖೆ ಬದಲಾಯಿಸಿಕೊಳ್ಳಲು ಇಚ್ಛಿಸುವ ವಿದ್ಯಾರ್ಥಿಗಳು ಇಂಥ ತಾರೀಕಿನೊಳಗೆ ಅರ್ಜಿ ಸಲ್ಲಿಸತಕ್ಕದ್ದು ಎಂಬುದು ಅದರ ಒಕ್ಕಣೆ. ಎಲ್ಲ ಕಾಲೇಜುಗಳಲ್ಲೂ ಅದು ಅಂಟುವುದಿಲ್ಲವೆಂದು ವಿದ್ಯಾರ್ಥಿಗಳು ಹೇಳುತ್ತಾರೆ. ಎಷ್ಟೋ ಕಡೆ ಬೇಕಾದವರ ಕಿವಿಗೆ ಬೇಕಾದಷ್ಟು ಮಾತ್ರ ಬೀಳುತ್ತದೆಯಂತೆ. ನಾಲ್ಕು ದಿನ ಓಡಾಟ, ಗುಸುಗುಸು ನಡೆದು ಒಬ್ಬಿಬ್ಬರು ಸಿವಿಲ್‌ನಿಂದಲೋ ಮೆಕ್ಯಾನಿಕಲ್‌ನಿಂದಲೋ ಕಂಪ್ಯೂಟರ್ ಸೈನ್ಸ್ ತರಗತಿಗೆ ಹೋಗಿ ಕೂರುತ್ತಾರೆ. ಉಳಿದವರು ಇದ್ದಲ್ಲೇ ಇರುತ್ತಾರೆ. ಪತ್ರಿಕೆಗಳಲ್ಲಿ ಒಂದು ಸಾಲು ಬರುವುದಿಲ್ಲ, ಶಾಸನ ಸಭೆಯಲ್ಲಿ ಒಂದು ಪ್ರಶ್ನೆ ಏಳುವುದಿಲ್ಲ.

ಇದು ಕಾಲೇಜಿನ ಒಳಗಿನ ಸಣ್ಣ ವ್ಯವಹಾರ, ಇದಕ್ಕೇಕೆ ಸಂಪಾದಕೀಯ ಎಂದು ವಾಚಕರು ಕೇಳಬಹುದು. ಹೊಲ ಅಡವಿಟ್ಟು ಮಗನನ್ನು ಕಾಲೇಜಿಗೆ ಕಳಿಸಿದ ಮನೆಗೆ ಇದು ಸಣ್ಣದಲ್ಲ. ಸರ್ಕಾರ ಹಂಚಿಕೊಟ್ಟ ಸೀಟೊಂದು ಒಂದು ವರ್ಷ ಕಳೆದ ಮೇಲೆ ಖಾಲಿಯಾದರೆ ಅದರ ಒಡೆಯ ಯಾರೆಂಬ ಪ್ರಶ್ನೆ ಇದರ ಹೊಟ್ಟೆಯಲ್ಲಿದೆ. ಈ ಪ್ರಶ್ನೆಗೆ ಇದುವರೆಗೆ ಯಾವ ಮಂತ್ರಿಯೂ ಬಾಯಿ ಬಿಟ್ಟು ಉತ್ತರ ಹೇಳಿದ್ದನ್ನು ನಾವು ಕೇಳಿಲ್ಲ.

ಹಳ್ಳಿಯ ಹುಡುಗನೊಬ್ಬ ಒಂದು ಶಾಖೆಗೆ ಬಂದು ಬೀಳುವ ಬಗೆಯನ್ನು ಮೊದಲು ನೋಡಬೇಕು. ಪಿ.ಯು. ಪರೀಕ್ಷೆಯ ಅಂಕಗಳಲ್ಲಿ ಅರ್ಧ, ಸಿ.ಇ.ಟಿ. ಅಂಕಗಳಲ್ಲಿ ಅರ್ಧ ಸೇರಿ ರ‍್ಯಾಂಕು ಬರುತ್ತದೆ. ಆಮೇಲೆ ಕಾಲೇಜು ಮತ್ತು ಶಾಖೆಗಳನ್ನು ತನ್ನ ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಿ ಗಣಕಯಂತ್ರಕ್ಕೆ ತುಂಬಬೇಕು. ಹೊಸನಗರದ ಕಡೆಯಿಂದಲೋ ಕೂಡ್ಲಿಗಿಯ ಕಡೆಯಿಂದಲೋ ಬಂದ ಹುಡುಗ ಈ ಕೆಲಸ ಮಾಡುವುದು ಪೇಟೆಯ ಸೈಬರ್ ಸೆಂಟರಿನಲ್ಲಿ. ಅಲ್ಲಿ ಕುಳಿತವನು ಎಷ್ಟು ಹೇಳಿದನೋ ಅಷ್ಟೇ ಮಾರ್ಗದರ್ಶನ. ಸೀಟು ಬಂದ ಮೇಲೆ ನಾಲ್ಕು ಆಯ್ಕೆಗಳು. ಒಂದನೆಯದು ಒತ್ತಿದರೆ ಸೀಟು ಖಚಿತ, ಹೋಗಿ ಸೇರಬೇಕು. ಎರಡನೆಯದು ಒತ್ತಿದರೆ ಕೈಯಲ್ಲಿರುವುದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ಮೂರನೆಯದಕ್ಕೆ ಕೈಯಲ್ಲಿರುವುದೂ ಹೋಗುತ್ತದೆ, ಆದರೆ ಮುಂದಿನ ಸುತ್ತಿನಲ್ಲಿ ಭಾಗವಹಿಸಬಹುದು. ನಾಲ್ಕನೆಯದಕ್ಕೆ ಎಲ್ಲ ಮುಗಿಯಿತು. ಹದಿನೇಳು ಹದಿನೆಂಟರ ಹುಡುಗ, ಪಕ್ಕದಲ್ಲಿ ಅಕ್ಷರ ಕಲಿಯದ ತಂದೆ. ಇನ್ನೊಂದು ಸುತ್ತು ಕಾದರೆ ಇರುವುದೂ ಹೋದೀತೆಂಬ ಭಯದಲ್ಲಿ ಒಂದನ್ನು ಒತ್ತಿ ಬರುತ್ತಾರೆ. ಸಿವಿಲ್ ಎಂದರೇನು, ಎಲೆಕ್ಟ್ರಿಕಲ್‌ಗೂ ಎಲೆಕ್ಟ್ರಾನಿಕ್ಸ್‌ಗೂ ಏನು ಅಂತರ, ತನಗೆ ಯಾವುದು ಹಿಡಿಸುತ್ತದೆ ಎಂಬುದು ಹುಡುಗನಿಗೆ ತಿಳಿಯುವುದು ಕಾಲೇಜಿಗೆ ಸೇರಿದ ಮೇಲೆ. ತಿಳಿದ ಮೇಲೆ ತಿದ್ದಿಕೊಳ್ಳಲು ಒಂದು ದಾರಿ ಇರಬೇಕಾದುದು ನ್ಯಾಯ. ಆ ದಾರಿಯ ಹೆಸರೇ ಶಾಖೆ ಬದಲಾವಣೆ.

ಪ್ರವೇಶದ ಹೊತ್ತಿನಲ್ಲಿ ಈ ದಾರಿಯನ್ನು ತೋರಿಸಿ ವ್ಯಾಪಾರ ಮಾಡುವುದೂ ಉಂಟು. ಸಿವಿಲ್ ಸೀಟು ಹಿಡಿದು ಅನುಮಾನಿಸುತ್ತ ನಿಂತ ತಂದೆಗೆ, ‘ಮೊದಲು ಸೇರಿಸಿ ಯಜಮಾನರೆ, ಒಂದು ವರ್ಷ ಕಳೆಯಲಿ, ಆಮೇಲೆ ಕಂಪ್ಯೂಟರ್‌ಗೆ ಹಾಕಿಸಿಕೊಳ್ಳಬಹುದು’ ಎಂದು ಹೇಳುವವರು ಬೇಕಾದಷ್ಟು ಜನ. ಎಷ್ಟು ಸೀಟು ಖಾಲಿಯಾಗಬಹುದು, ಎಷ್ಟು ಜನ ಕಾಯುತ್ತಿರುತ್ತಾರೆ ಎಂಬ ಲೆಕ್ಕವನ್ನು ಮಾತ್ರ ಅವರು ಹೇಳುವುದಿಲ್ಲ.

ಆ ಲೆಕ್ಕವನ್ನು ನಾವು ಹೇಳುತ್ತೇವೆ. ನಮ್ಮ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರವುಳ್ಳ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿನ ಪದ್ಧತಿಯ ಸಾರ ಇಷ್ಟು: ಹುಡುಗ ಮೊದಲ ಎರಡು ಸೆಮಿಸ್ಟರುಗಳ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಿರಬೇಕು, ಹೋಗಬೇಕಾದ ಶಾಖೆಯಲ್ಲಿ ಸೀಟು ಖಾಲಿ ಇರಬೇಕು, ಒಂದಕ್ಕಿಂತ ಹೆಚ್ಚು ಅರ್ಜಿ ಬಂದರೆ ಅಂಕಗಳ ಕ್ರಮದಲ್ಲಿ ಕೊಡಬೇಕು. ಕಾಲೇಜು ಪಟ್ಟಿ ಮಾಡುತ್ತದೆ, ವಿಶ್ವವಿದ್ಯಾಲಯ ಒಪ್ಪಿಗೆಯ ಮುದ್ರೆ ಒತ್ತುತ್ತದೆ. 60 ಸೀಟಿನ ಕಂಪ್ಯೂಟರ್ ಸೈನ್ಸ್ ವಿಭಾಗವೊಂದನ್ನು ತೆಗೆದುಕೊಳ್ಳಿ. ಒಬ್ಬಳು ಮರುವರ್ಷ ವೈದ್ಯಕೀಯ ಸೀಟು ಸಿಕ್ಕಿತೆಂದು ಹೋದಳು, ಇನ್ನೊಬ್ಬ ದೊಡ್ಡ ಕಾಲೇಜು ಸೇರಿದ, ಮತ್ತೊಬ್ಬ ಓದು ಬಿಟ್ಟ ಎನ್ನೋಣ. ಮೂರು ಸೀಟು ಖಾಲಿ. ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಕಣ್ಣಿಟ್ಟು ಕುಳಿತವರು ನೂರಕ್ಕೆ ಕಡಿಮೆ ಇರಲಾರರು. ಪಾಲಿಟೆಕ್ನಿಕ್ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಬರುವ ಡಿಪ್ಲೊಮಾ ಹುಡುಗರು ಬೇರೆ. ಅವರಿಗೆ ಮಂಜೂರಾದ ಸಂಖ್ಯೆಯ ಮೇಲೆ ಶೇ. 10ರಷ್ಟು ಹೆಚ್ಚುವರಿ ಸ್ಥಾನವಿದ್ದರೂ, ಮೊದಲ ವರ್ಷ ತುಂಬದೆ ಉಳಿದ ಸೀಟುಗಳ ಮೇಲೂ ಹಕ್ಕಿದೆ. ಡಿಪ್ಲೊಮಾಕ್ಕೆ ಹೋಗುವ ಮಕ್ಕಳು ಬಹುತೇಕ ಕೂಲಿಕಾರರ, ಕುಶಲಕರ್ಮಿಗಳ ಮನೆಯವರೇ. ಬಡವರ ಮಕ್ಕಳಿಗೂ ಬಡವರ ಮಕ್ಕಳಿಗೂ ಮೂರು ಸೀಟಿಗಾಗಿ ಜಗಳ ಹಚ್ಚಿಟ್ಟಂತಾಯಿತು.

ಈಗ ಒಡೆತನದ ಮಾತು. ಖಾಸಗಿ ಅನುದಾನರಹಿತ ಕಾಲೇಜುಗಳಲ್ಲಿ ಸರ್ಕಾರಕ್ಕೂ ಆಡಳಿತ ಮಂಡಳಿಗಳಿಗೂ ನಡೆದ ಒಪ್ಪಂದದಂತೆ ನೂರಕ್ಕೆ 45 ಸೀಟು ಸಿ.ಇ.ಟಿ. ಮೂಲಕ, 30 ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್-ಕೆ ಮೂಲಕ, 25 ಆಡಳಿತ ಮಂಡಳಿಯ ಕೈಯಲ್ಲಿ. ಅಲ್ಪಸಂಖ್ಯಾತರ ಸಂಸ್ಥೆಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ನಮ್ಮ 60 ಸೀಟಿನ ವಿಭಾಗದಲ್ಲಿ ಇದು 27, 18 ಮತ್ತು 15 ಆಗುತ್ತದೆ. ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾಠ ಕೇಳುವ ಮೂವರು ಮೂರು ಬೆಲೆ ತೆತ್ತು ಬಂದವರು. ಖಾಲಿಯಾದ ಮೂರು ಸೀಟು ಈ ಮೂರರಲ್ಲಿ ಯಾವ ಪಾಲಿನವು? ಸಿ.ಇ.ಟಿ. ಪಾಲಿನ ಸೀಟು ಖಾಲಿಯಾದರೆ ಅದು ಸಿ.ಇ.ಟಿ.ಯಲ್ಲಿ ಬಂದ ಮತ್ತೊಬ್ಬನಿಗೇ ಹೋಗಬೇಡವೇ? ಮೀಸಲಾತಿಯ ಸೀಟಿನಿಂದ ಒಬ್ಬಳು ಎದ್ದು ಹೋದರೆ ಆ ಮೀಸಲಾತಿ ಅಲ್ಲಿಗೇ ಮುಗಿಯಿತೇ? ಪ್ರವೇಶದ ದಿನ ಇಷ್ಟು ಸೂಕ್ಷ್ಮವಾಗಿ ಅಳೆದು ತೂಗಿದ ಪಾಲುಗಳು ಒಂದು ವರ್ಷದ ಮೇಲೆ ಪ್ರಾಂಶುಪಾಲರ ಕೊಠಡಿಯೊಳಗೆ ಕರಗಿ ಹೋಗುತ್ತವೆ.

ನಮ್ಮದು ಬರೀ ಸಂಶಯವಲ್ಲ. ಈ ರಾಜ್ಯದಲ್ಲಿ ಸೀಟು ಮಾರಾಟದ ಚರಿತ್ರೆ ದೀರ್ಘವಾದದ್ದು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ 1984ರಲ್ಲಿ ಶಾಸನ ಬಂತು. ಬಂದ ಮೇಲೂ, 1989ರ ಸರ್ಕಾರಿ ಆಜ್ಞೆಯ ಪ್ರಕಾರ, ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000 ಎಂದು ನಿಗದಿಯಾಗಿತ್ತು. ಆ 60,000 ಕೊಡಲಾರದ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. ಮೋಹಿನಿ ಜೈನ್ ಮೊಕದ್ದಮೆ ಎಂದು ಹೆಸರಾದ ಅದರಲ್ಲಿ 1992ರಲ್ಲಿ ತೀರ್ಪು ಬಂದು, ಇದು ಹೆಸರು ಬದಲಿಸಿದ ಕ್ಯಾಪಿಟೇಶನ್ ಶುಲ್ಕವೇ ಎಂದು ನ್ಯಾಯಾಲಯ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೆ 1994ರಲ್ಲಿ ನಮ್ಮ ಸಿ.ಇ.ಟಿ. ಬಂತು. ಬಡವರ ಮಕ್ಕಳು ಇಂಜಿನಿಯರಾಗಬಹುದು ಎಂಬ ಭರವಸೆ ಹಳ್ಳಿಗಳಿಗೆ ಮುಟ್ಟಿದ್ದು ಆಗ. 2002ರ ಟಿ.ಎಂ.ಎ. ಪೈ ತೀರ್ಪು, 2005ರ ಇನಾಮದಾರ್ ತೀರ್ಪುಗಳು ಮತ್ತೆ ಖಾಸಗಿ ಮಂಡಳಿಗಳ ಕೈ ಬಲಪಡಿಸಿದುವು. ಅಂದಿನಿಂದ ಸರ್ಕಾರ ಕಟ್ಟಪ್ಪಣೆ ಮಾಡುವ ಬದಲು ಮಂಡಳಿಗಳ ಎದುರು ಒಪ್ಪಂದಕ್ಕೆ ಕೂರುತ್ತಿದೆ.

ಸಿ.ಇ.ಟಿ. ಸೀಟನ್ನು ಖಾಲಿ ಮಾಡಿ ಮಾರುವ ವಿದ್ಯೆ ಹೊಸದೇನಲ್ಲ. ಒಳ್ಳೆಯ ರ‍್ಯಾಂಕಿನ ಹೆಸರಿನಲ್ಲಿ ಬೇಡಿಕೆಯ ಸೀಟನ್ನು ಹಿಡಿಸಿ, ಕೊನೆಯ ಸುತ್ತು ಮುಗಿಯುವ ತನಕ ಕಾಯಿಸಿ, ಆಮೇಲೆ ಸೇರದೆ ಬಿಟ್ಟರೆ ಆ ಸೀಟು ಆಡಳಿತ ಮಂಡಳಿಯ ಮಡಿಲಿಗೆ ಬೀಳುತ್ತದೆ. ಇಂಥ ಸೀಟು ತಡೆಯುವ ದಂಧೆಯ ಬಗ್ಗೆ 2024ರ ನವೆಂಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಡಬೇಕಾಯಿತು. ಎಲ್ಲರ ಕಣ್ಣು ನೆಟ್ಟಿರುವ ಪ್ರವೇಶ ಕಾಲದಲ್ಲೇ ಇಷ್ಟು ನಡೆಯುವುದಾದರೆ, ಯಾರ ಕಣ್ಣೂ ಇಲ್ಲದ ಎರಡನೆಯ ವರ್ಷದಲ್ಲಿ ಖಾಲಿ ಸೀಟುಗಳು ಮಡಿಯಾಗಿ ಉಳಿದಿವೆ ಎಂದು ನಂಬಲು ನಾವು ಸಿದ್ಧರಿಲ್ಲ. ಎಲ್ಲ ಪ್ರಾಂಶುಪಾಲರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ಅಂಕಪಟ್ಟಿ ಮುಂದಿಟ್ಟು ವಿದ್ಯಾರ್ಥಿಗಳ ಎದುರಿನಲ್ಲೇ ಸೀಟು ಕೊಡುವ ಪ್ರಾಮಾಣಿಕರು ಇದ್ದಾರೆ, ಸರ್ಕಾರಿ ಕಾಲೇಜುಗಳಲ್ಲಿ ವಿಶೇಷವಾಗಿ ಇದ್ದಾರೆ. ಆದರೆ ಪ್ರಾಮಾಣಿಕತೆ ಪ್ರಾಂಶುಪಾಲರ ಸ್ವಭಾವವನ್ನು ಅವಲಂಬಿಸಿದ್ದರೆ ಅದನ್ನು ನಿಯಮವೆಂದು ಕರೆಯಲಾಗದು.

ಅಂಕಗಳ ಕ್ರಮದಲ್ಲಿ ಕೊಡುತ್ತಾರಲ್ಲ, ಇನ್ನೇನು ಬೇಕು ಎನ್ನುವವರಿದ್ದಾರೆ. ಆ ಅಂಕಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಅವರು ಸ್ವಲ್ಪ ನೋಡಲಿ. ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ನೂರಕ್ಕೆ 40 ಅಂಕ ಕಾಲೇಜಿನ ಒಳಗಿನ ಮೌಲ್ಯಮಾಪನಕ್ಕೆ ಇತ್ತು. 2022ರ ಪಠ್ಯಕ್ರಮದಲ್ಲಿ ಅದು 50 ಆಯಿತು. ಅಂದರೆ ಯಾರು ಕಂಪ್ಯೂಟರ್ ಸೈನ್ಸಿಗೆ ಹೋಗಬೇಕು, ಯಾರು ಹೋಗಬಾರದು ಎಂಬುದನ್ನು ತೀರ್ಮಾನಿಸುವ ಅಂಕಗಳಲ್ಲಿ ಅರ್ಧವನ್ನು ಸೀಟು ಹಂಚುವ ಕಾಲೇಜೇ ಕೊಡುತ್ತದೆ. ಒಳ ಅಂಕ ಕಡಿಮೆಯಾಯಿತೆಂದು ಹುಡುಗ ಬಾಯಿ ತೆರೆದರೆ ಮುಂದಿನ ಮೂರು ವರ್ಷ ಅದೇ ಮೇಷ್ಟರ ಮುಂದೆ ಕೂರಬೇಕು. ಬಡವನ ಸಿಟ್ಟು ದವಡೆಗೆ ಮೂಲ ಎಂಬುದು ಅವನಿಗೆ ಗೊತ್ತು.

ಇನ್ನೊಂದು ಮಾತು ನಮ್ಮ ಭಾಷೆಗೆ ಸಂಬಂಧಿಸಿದ್ದು. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಶೇ. 5, ಗ್ರಾಮಾಂತರದಲ್ಲಿ ಓದಿದವರಿಗೆ ಶೇ. 15 ಸೀಟುಗಳನ್ನು ಸರ್ಕಾರ ಮೀಸಲಾಗಿಟ್ಟಿದೆ. ಒಳ್ಳೆಯದು. ಬಾಗಿಲಲ್ಲಿ ನಿಂತು ಕನ್ನಡದ ಹುಡುಗನನ್ನು ಕೈಹಿಡಿದು ಒಳಕ್ಕೆ ಕರೆದ ಸರ್ಕಾರ ಒಳಗೆ ಹೋದೊಡನೆ ಕೈಬಿಡುತ್ತದೆ. ಗಣಿತ, ಭೌತಶಾಸ್ತ್ರ, ಪ್ರೋಗ್ರಾಮಿಂಗ್ ಎಲ್ಲವೂ ಮೊದಲ ದಿನದಿಂದ ಇಂಗ್ಲಿಷಿನಲ್ಲಿ. ಕನ್ನಡವೂ ಒಂದು ವಿಷಯವಾಗಿ ಇದೆ. ಒಂದೇ ಒಂದು ಕ್ರೆಡಿಟ್ಟು! ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಬಹುದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅನುಮತಿ ಕೊಟ್ಟರೂ ಪುಸ್ತಕ, ಅಧ್ಯಾಪಕ, ನೌಕರಿ ಯಾವುದರ ಏರ್ಪಾಡೂ ಇಲ್ಲದೆ ಬರೀ ಅನುಮತಿಯನ್ನು ನಂಬಿ ಹೋಗುವ ಧೈರ್ಯ ಯಾವ ತಂದೆಗೆ ಬರುತ್ತದೆ? ಕನ್ನಡ ಶಾಲೆಯ ಹುಡುಗನಿಗೆ ಮೊದಲನೆಯ ಸೆಮಿಸ್ಟರು ಮುಗಿಯುವುದೇ ಪ್ರಶ್ನೆಯ ಭಾಷೆ ಅರ್ಥವಾಗುವುದರಲ್ಲಿ. ಎರಡನೆಯದರಲ್ಲಿ ಸುಧಾರಿಸಿಕೊಳ್ಳುತ್ತಾನೆ. ಮೂರನೆಯದರಲ್ಲಿ ಎಷ್ಟೋ ಮಂದಿ ಕಾನ್ವೆಂಟಿನವರನ್ನು ಹಿಂದೆ ಹಾಕುವುದನ್ನು ಅಧ್ಯಾಪಕರೇ ಹೇಳುತ್ತಾರೆ. ಆದರೆ ಶಾಖೆ ಬದಲಾವಣೆಗೆ ಲೆಕ್ಕ ಹಿಡಿಯುವುದು ಮೊದಲ ಎರಡು ಸೆಮಿಸ್ಟರುಗಳನ್ನೇ. ಅವನ ಅತ್ಯಂತ ದುರ್ಬಲವಾದ ಹತ್ತು ತಿಂಗಳುಗಳನ್ನು ಆರಿಸಿಕೊಂಡು ಅಳೆದು, ನೀನು ಯೋಗ್ಯನಲ್ಲ ಎಂದು ತೀರ್ಪು ಕೊಡುವ ಈ ಅಳತೆಗೋಲಿಗೆ ಪ್ರತಿಭೆ ಎಂದು ಹೆಸರು.

ಇವೆಲ್ಲಕ್ಕಿಂತ ಕ್ರೂರವಾದ ಒಂದು ನಿಯಮವಿದೆ, ಬಹಳ ವಾಚಕರಿಗೆ ಅದು ತಿಳಿದಿರಲಾರದು. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇರುವ ವಿದ್ಯಾರ್ಥಿಗಳಿಗಾಗಿ ಬೋಧನಾ ಶುಲ್ಕ ವಿನಾಯಿತಿಯ ಯೋಜನೆಯೊಂದು ತಾಂತ್ರಿಕ ಶಿಕ್ಷಣ ಪರಿಷತ್ತಿನಿಂದ ನಡೆಯುತ್ತಿದೆ. ಮಂಜೂರಾದ ಸೀಟುಗಳ ಮೇಲೆ ಶೇ. 5 ಹೆಚ್ಚುವರಿ, 60ಕ್ಕೆ ಮೂರು. ನಮ್ಮಲ್ಲಿ ಸೂಪರ್ ನ್ಯೂಮರರಿ ಕೋಟಾ, ಎಸ್.ಎನ್.ಕ್ಯೂ. ಎಂದು ಕರೆಯುವುದು ಇದನ್ನೇ. ಸಿ.ಇ.ಟಿ. ರ‍್ಯಾಂಕಿನ ಮೇಲೆಯೇ ಸಿಗುವ ಸೀಟು ಇದು, ಭಿಕ್ಷೆಯಲ್ಲ. ಈ ಯೋಜನೆಯಲ್ಲಿ ಸೇರಿದವರು ಯಾವ ಸಂದರ್ಭದಲ್ಲೂ ಕಾಲೇಜನ್ನಾಗಲಿ ಕೋರ್ಸನ್ನಾಗಲಿ ಬದಲಾಯಿಸುವಂತಿಲ್ಲ ಎಂದು ಪರಿಷತ್ತಿನ ನಿಯಮ ಹೇಳುತ್ತದೆ. ಯಾವ ಸಂದರ್ಭದಲ್ಲೂ! ಹುಡುಗಿ ಇಡೀ ಕಾಲೇಜಿಗೆ ಮೊದಲಿಗಳಾಗಿ ಬರಲಿ, ಕಂಪ್ಯೂಟರ್ ವಿಭಾಗದಲ್ಲಿ ಹತ್ತು ಸೀಟು ಖಾಲಿ ಬಿದ್ದಿರಲಿ, ಅವಳು ಅರ್ಜಿ ಹಾಕುವಂತಿಲ್ಲ. ಅವಳ ಪಕ್ಕದಲ್ಲಿ ಲಕ್ಷಗಟ್ಟಲೆ ಎಣಿಸಿ ಬಂದು ಅವಳಿಗಿಂತ ಕಡಿಮೆ ಅಂಕ ತೆಗೆದ ಹುಡುಗ ಹಾಕಬಹುದು. ಶುಲ್ಕ ಮನ್ನಾ ಮಾಡಿದ್ದೇವಲ್ಲ, ಕೊಟ್ಟ ಜಾಗದಲ್ಲಿ ಬಿದ್ದಿರು ಎಂಬುದಲ್ಲದೆ ಈ ನಿಯಮಕ್ಕೆ ಬೇರೆ ಅರ್ಥವಿದ್ದರೆ ಪರಿಷತ್ತಿನವರು ತಿಳಿಸಲಿ. ಸೌಲಭ್ಯದ ದುರುಪಯೋಗವಾಗದಿರಲಿ ಎಂದು ಈ ಕಟ್ಟು ಹಾಕಿದೆವು ಎನ್ನಬಹುದು: ಬೇಡಿಕೆ ಇಲ್ಲದ ಶಾಖೆಗೆ ವಿನಾಯಿತಿಯಲ್ಲಿ ನುಗ್ಗಿ ಬೇಡಿಕೆಯ ಶಾಖೆಗೆ ವಿನಾಯಿತಿ ಸಮೇತ ಹಾರಿಬಿಡುತ್ತಾರೆ ಎಂಬ ಹೆದರಿಕೆ. ಹಾಗಾದರೆ ಅಂಕದ ಯೋಗ್ಯತೆಯಿಂದ ಬದಲಾಯಿಸಿಕೊಂಡವಳು ಹೊಸ ಶಾಖೆಯ ಸಿ.ಇ.ಟಿ. ಶುಲ್ಕ ಕಟ್ಟಲಿ ಎಂದಾದರೂ ಹೇಳಬಹುದಿತ್ತು. ಸಾಲ ಮಾಡಿಯೋ ವಿದ್ಯಾರ್ಥಿವೇತನದಿಂದಲೋ ಕಟ್ಟುತ್ತಿದ್ದಳು. ಬಾಗಿಲನ್ನೇ ಮುಚ್ಚುವುದು ಯಾವ ನ್ಯಾಯ?

ಎದುರು ವಾದವನ್ನೂ ಕೇಳೋಣ. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳ ಅಧ್ಯಾಪಕರು ಹೇಳುವುದು, ಹೀಗೆ ಕೇಳಿದವರನ್ನೆಲ್ಲ ಬಿಟ್ಟರೆ ನಮ್ಮ ತರಗತಿಗಳು ಬರಿದಾಗುತ್ತವೆ, ಚೆನ್ನಾಗಿ ಓದುವವರೇ ಮೊದಲು ಹೋಗುತ್ತಾರೆ ಎಂದು. ಅವರ ನೋವು ನಿಜವಾದದ್ದು. ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ವಿಶ್ವೇಶ್ವರಯ್ಯನವರು ಸಿವಿಲ್ ಇಂಜಿನಿಯರು. ಅವರ ಹೆಸರಿನ ವಿಶ್ವವಿದ್ಯಾಲಯದಲ್ಲಿ ಅವರ ಶಾಖೆಯಿಂದಲೇ ಓಟ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದ ಕಾಲದಲ್ಲಿ ಮಲೆನಾಡಿಗೆ ಇಂಜಿನಿಯರು ಎಂದರೆ ಸಿವಿಲ್ ಇಂಜಿನಿಯರೇ. (ಆ ಅಣೆಕಟ್ಟಿನಿಂದ ಮನೆಮಾರು ಕಳೆದುಕೊಂಡವರ ಭೂಮಿಯ ಕಾಗದ ಇನ್ನೂ ಸರಿಯಾಗಿಲ್ಲವೆಂಬುದು ಬೇರೆ ಕಥೆ.) ಆದರೆ ಹುಡುಗರನ್ನು ಒಂದು ತರಗತಿಯಲ್ಲಿ ಕಟ್ಟಿಹಾಕಿ ಆ ಶಾಖೆಯ ಮಾನ ಉಳಿಸಲಾಗದು. ಒಂದು ಶಾಖೆಯಿಂದ ಇಷ್ಟಕ್ಕಿಂತ ಹೆಚ್ಚು ಮಂದಿ ಹೊರಹೋಗಕೂಡದು ಎಂಬ ಮಿತಿ ಇರಲಿ, ನಮ್ಮ ಆಕ್ಷೇಪವಿಲ್ಲ. ಆ ಮಿತಿ ಎಲ್ಲರಿಗೂ ಒಂದೇ ಆಗಿರಲಿ ಮತ್ತು ಗೋಡೆಯ ಮೇಲೆ ಬರೆದಿರಲಿ.

ಇನ್ನೊಂದು ವಾದ ಐ.ಐ.ಟಿ.ಗಳಿಂದ ಬಂದದ್ದು. ಈಚಿನ ವರ್ಷಗಳಲ್ಲಿ ಕೆಲವು ಐ.ಐ.ಟಿ.ಗಳು ಶಾಖೆ ಬದಲಾವಣೆಯನ್ನೇ ನಿಲ್ಲಿಸಿವೆ. ಮೊದಲ ವರ್ಷ ಹುಡುಗರು ಅಂಕಗಳ ಹಿಂದೆ ಬಿದ್ದು ಹಣ್ಣಾಗುತ್ತಾರೆ, ಸಿಗದಿದ್ದಾಗ ಕುಸಿಯುತ್ತಾರೆ ಎಂಬುದು ಕಾರಣ. ಇದರಲ್ಲಿ ಹುರುಳಿಲ್ಲ ಎನ್ನಲಾರೆವು. ಹದಿನೆಂಟರ ಹುಡುಗ ಒಂದು ವರ್ಷ ಪೂರ್ತಿ ಸ್ನೇಹಿತನನ್ನು ಪ್ರತಿಸ್ಪರ್ಧಿಯಾಗಿ ನೋಡುವಂತೆ ಮಾಡುವುದು ಶಿಕ್ಷಣವಲ್ಲ. ಆದರೆ ಐ.ಐ.ಟಿ.ಯಲ್ಲಿ ಯಾವ ಶಾಖೆಯಿಂದ ಹೊರಬಂದರೂ ಸಂಸ್ಥೆಯ ಹೆಸರೇ ಅನ್ನ ಹಾಕುತ್ತದೆ. ಜಿಲ್ಲಾ ಪಟ್ಟಣದ ಕಾಲೇಜಿನಿಂದ ಬರುವವನಿಗೆ ಆ ಆಸರೆಯಿಲ್ಲ. ಅವನಿಗಿರುವ ಏಕೈಕ ತಿದ್ದುಪಡಿಯ ಅವಕಾಶವನ್ನು, ನಿನ್ನ ಮನಶ್ಶಾಂತಿಗಾಗಿ ಎಂದು ಹೇಳಿ ಕಸಿದುಕೊಂಡರೆ ಶಾಂತಿ ಸಿಗುವುದು ಕಚೇರಿಯ ಗುಮಾಸ್ತರಿಗೆ ಮಾತ್ರ.

2022ರ ಪಠ್ಯಕ್ರಮ ಈ ದಾರಿಯನ್ನು ಇನ್ನೊಂದು ರೀತಿಯಲ್ಲಿ ಕಡಿದಾಗಿಸಿದೆ. ಹಿಂದೆ ಮೊದಲ ವರ್ಷ ಎಲ್ಲ ಶಾಖೆಯವರಿಗೂ ಒಂದೇ ಪಾಠ. ಒಂದು ಸೆಮಿಸ್ಟರು ಭೌತಶಾಸ್ತ್ರದ ಸರದಿ, ಇನ್ನೊಂದು ರಸಾಯನಶಾಸ್ತ್ರದ ಸರದಿ, ಅಷ್ಟೇ ವ್ಯತ್ಯಾಸ. ಈಗ ಗಣಿತದಿಂದ ಹಿಡಿದು ಸಿವಿಲ್‌ನವರಿಗೊಂದು, ಕಂಪ್ಯೂಟರ್‌ನವರಿಗೊಂದು ಎಂದು ಮೊದಲ ದಿನದಿಂದಲೇ ಕವಲೊಡೆದಿದೆ. ಬೇರೆ ಬೇರೆ ಪ್ರಶ್ನೆಪತ್ರಿಕೆ ಬರೆದವರ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಹೋಲಿಸಿ ಸೀಟು ಕೊಡುವುದು ಹೇಗೆ ಸರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಏನನ್ನೂ ಅರಿಯದ ಮೊದಲ ದಿನವೇ ಹುಡುಗನ ಹಣೆಬರಹ ಬರೆದಿಡುವ ಆತುರ ಯಾರಿಗಿತ್ತೋ.

ಕಾಸುಳ್ಳವರಿಗೆ ಈ ಗೋಳು ಯಾವುದೂ ಇಲ್ಲ. ಒಂದು ಶಾಖೆಗೆ ಇಷ್ಟೇ ಸೀಟು ಎಂದು ಇದ್ದ ಮೇಲ್ಮಿತಿಯನ್ನು ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರ ಸಾಲಿನಿಂದ ತೆಗೆದುಹಾಕಿತು. ಸ್ಥಾನಮಾನ, ಕಟ್ಟಡ ಉಳ್ಳ ಬೆಂಗಳೂರಿನ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೀಟು ಹೆಚ್ಚಿಸಿಕೊಳ್ಳಲು ಹೆದ್ದಾರಿ ತೆರೆಯಿತು. ಹೆಚ್ಚಿದ ಪ್ರತಿ ನೂರಕ್ಕೆ 25 ಆಡಳಿತ ಮಂಡಳಿಯ ಕೈಗೆ. ಆ ಸೀಟು ಕೊಳ್ಳಬಲ್ಲವನಿಗೆ ಶಾಖೆ ಬದಲಾವಣೆಯ ಪ್ರಕಟಣೆ ಓದುವ ಅಗತ್ಯವೇ ಬೀಳುವುದಿಲ್ಲ. ಜಿಲ್ಲೆಗಳ ಸಣ್ಣ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಬೆಂಚುಗಳು ಬರಿದು, ಬೆಂಗಳೂರಿನಲ್ಲಿ ಕಂಪ್ಯೂಟರ್ ತರಗತಿಗೆ ಕೂರಲು ಜಾಗವಿಲ್ಲ. ಇದನ್ನು ಯೋಜನೆ ಎಂದು ಕರೆಯುವವರ ಧೈರ್ಯಕ್ಕೆ ನಮಸ್ಕಾರ.

ಒಂದು ಮಾತನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಹೇಳದೆ ಬಿಡುವುದು ಸರಿಯಲ್ಲ. ಶಾಖೆ ಸಿಗಲಿಲ್ಲವೆಂದರೆ ಬದುಕೇ ಮುಗಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಬಹಳ ವರ್ಷಗಳಿಂದ ಎಲ್ಲ ಶಾಖೆಯವರನ್ನೂ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತ ಬಂದಿವೆ. ತನ್ನ ಶಾಖೆಯಲ್ಲೇ ಇದ್ದು ಹದಿನೆಂಟು ಇಪ್ಪತ್ತು ಕ್ರೆಡಿಟ್ ಹೆಚ್ಚಿಗೆ ಓದಿ ಇನ್ನೊಂದು ಶಾಖೆಯಲ್ಲಿ ‘ಮೈನರ್’ ಪಡೆಯುವ ಏರ್ಪಾಡಿಗೂ ತಾಂತ್ರಿಕ ಶಿಕ್ಷಣ ಪರಿಷತ್ತು ಅವಕಾಶ ಕೊಟ್ಟಿದೆ. ಮೂರು ಸೀಟಿಗಾಗಿ ನೂರು ಜನ ಕಾದು ತೊಂಬತ್ತೇಳು ಮಂದಿ ಎದೆಗುಂದುವುದಕ್ಕಿಂತ ಈ ದಾರಿಗಳನ್ನು ವಿಚಾರಿಸುವುದು ಒಳ್ಳೆಯದು. ಹೀಗೆಂದು ಆ ಮೂರು ಸೀಟುಗಳ ಲೆಕ್ಕ ಕೇಳುವುದನ್ನು ಬಿಡಬೇಕಾಗಿಲ್ಲ.

ಸರ್ಕಾರದಿಂದ ನಾವು ಕೇಳುವುದು ಆಕಾಶದ ಚಂದ್ರನನ್ನಲ್ಲ. ಮೂರನೆಯ ಸೆಮಿಸ್ಟರಿಗೆ ಮುಂಚೆ ಪ್ರತಿ ಕಾಲೇಜಿನ ಪ್ರತಿ ಶಾಖೆಯಲ್ಲಿ ಎಷ್ಟು ಸೀಟು ಖಾಲಿ, ಯಾವ ಪಾಲಿನದು, ಯಾವ ಮೀಸಲಾತಿಯದು ಎಂಬುದನ್ನು ವಿಶ್ವವಿದ್ಯಾಲಯ ಒಂದೇ ದಿನ ಪ್ರಕಟಿಸಲಿ. ಅರ್ಜಿಗಳು ಕಾಲೇಜಿನ ಕಚೇರಿಗೆ ಹೋಗದೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಲಿ. ಲಕ್ಷಾಂತರ ಮಂದಿಗೆ ಸಿ.ಇ.ಟಿ. ಸೀಟು ಹಂಚುವ ಯಂತ್ರವುಳ್ಳ ಸರ್ಕಾರಕ್ಕೆ ಇದು ಭಾರವಾಗಲಾರದು. ಕ್ರಮಪಟ್ಟಿಗೆ ಕಾಲೇಜಿನ ಒಳ ಅಂಕಗಳನ್ನು ಬಿಟ್ಟು ವಿಶ್ವವಿದ್ಯಾಲಯದ ಪರೀಕ್ಷೆಯ ಅಂಕಗಳನ್ನು ಮಾತ್ರ ಹಿಡಿಯಲಿ, ಕನ್ನಡ ಮಾಧ್ಯಮದ ಶೇ. 5 ಮತ್ತು ಗ್ರಾಮಾಂತರದ ಶೇ. 15 ಇಲ್ಲಿಗೂ ಅನ್ವಯವಾಗಲಿ. ಡಿಪ್ಲೊಮಾ ಹುಡುಗರ ಪಾಲು ಎಷ್ಟು, ಶಾಖೆ ಬದಲಾವಣೆಯವರ ಪಾಲು ಎಷ್ಟು ಎಂಬುದು ಮೊದಲೇ ಇತ್ಯರ್ಥವಾಗಲಿ. ಎಸ್.ಎನ್.ಕ್ಯೂ. ವಿದ್ಯಾರ್ಥಿಗಳ ಮೇಲಿನ ನಿಷೇಧವನ್ನು ತೆಗೆಯಬೇಕಾದವರು ದೆಹಲಿಯಲ್ಲಿದ್ದಾರೆ. ನಮ್ಮ ಉನ್ನತ ಶಿಕ್ಷಣ ಮಂತ್ರಿಗಳು ಅವರಿಗೆ ಒಂದು ಕಾಗದ ಬರೆದು ಅದರ ನಕಲನ್ನು ಶಾಸನ ಸಭೆಯ ಮುಂದಿಡಲಿ. ನಮ್ಮ ಜಿಲ್ಲೆಯ ಶಾಸಕರು ಪಕ್ಷಭೇದವಿಲ್ಲದೆ ಬರುವ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಲಿ. ಅವರಲ್ಲಿ ಕೆಲವರು ಕಾಲೇಜು ಆಡಳಿತ ಮಂಡಳಿಗಳಲ್ಲಿ ಇರುವುದರಿಂದ ವಿಷಯ ಅವರಿಗೆ ಹೊಸದಾಗಿರಲಾರದು.

ಸರ್ಕಾರ ಏಳುವ ತನಕ ವಿದ್ಯಾರ್ಥಿ ಬಂಧುಗಳು ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಬೆಳಗಾವಿಯ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ನಿಮ್ಮ ಕಾಲೇಜಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ಶಾಖೆ ಬದಲಾವಣೆಗೆ ಎಷ್ಟು ಅರ್ಜಿ ಬಂದವು, ಎಷ್ಟು ಮಂಜೂರಾದವು, ಮಂಜೂರಾದವರ ಮತ್ತು ಆಗದವರ ಕ್ರಮಾಂಕ, ಮೊದಲ ಎರಡು ಸೆಮಿಸ್ಟರಿನ ಅಂಕಗಳು, ಅವರು ಪ್ರವೇಶ ಪಡೆದ ಪಾಲು ಯಾವುದು, ಹೆಸರು ಬೇಡ, ಇಷ್ಟನ್ನು ಕೇಳಿ. ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ಅರ್ಜಿಗೆ ಕಾಲೇಜಿನವರ ಸಹಿ, ಮುದ್ರೆ ಯಾವುದೂ ಬೇಕಿಲ್ಲ. ಅಂಜುವವರು ತಂದೆಯ ಹೆಸರಿನಲ್ಲಿ ಹಾಕಬಹುದು. ಉತ್ತರ ಬಂದರೂ ಬಾರದಿದ್ದರೂ ಅರ್ಜಿಯ ಒಂದು ನಕಲನ್ನು ನಮ್ಮ ಕಚೇರಿಗೆ ಕಳಿಸಿಕೊಡಿ. ಬಂದ ಲೆಕ್ಕವನ್ನು ಕಾಲೇಜುವಾರು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.